ನೀವು ಯಾವ ವಾರ್ಡಿನವರು?

ಬಾಂದ್ರಾದಲ್ಲಿ ಆಟೊ ಹತ್ತಿ ‘ಮಾಹಿಮ್’ ಎಂದರೆ ಚಾಲಕ ಬರುವುದಿಲ್ಲ ಎನ್ನುತ್ತಾನೆ. ದೂರವೇನೂ ಇಲ್ಲ, ಖಾಡಿ ಎಂಬ ಕಡಲ ಹಿನ್ನೀರು ದಾಟಿದರೆ ಮಾಹಿಮ್. ನಡೆದೇ ಹೋಗಿಬಿಡಬಹುದು. ಆದರೆ ಆಟೊ ಆ ಖಾಡಿಯನ್ನು ದಾಟುವಂತಿಲ್ಲ. ಆ ಕಡೆ ಸಾಯನ್ ಬಳಿಯೂ ಇದೇ ಕಟ್ಟಳೆ. ಅಲ್ಲಿಂದ ದಕ್ಷಿಣಕ್ಕೆ, ಕೊಲಾಬಾದ ತುದಿಯವರೆಗೆ, ಆಟೊ ಕಾಣಸಿಗದು. ಊರಿನಿಂದ ಮೊದಲ ಸಲ ಮುಂಬಯಿಗೆ ಬಂದವರು ಇದನ್ನು ಚಾಲಕನ ಹಟ ಎಂದುಕೊಳ್ಳುತ್ತಾರೆ. ಇದು ಸಾರಿಗೆ ಇಲಾಖೆಯ ನಿಯಮ, ಮತ್ತು ಆ ನಿಯಮದ ಬುಡದಲ್ಲಿ ಒಂದು ಹಳೆಯ ಗಡಿ ಇದೆ. 1950ರವರೆಗೂ ಬೊಂಬಾಯಿ ನಗರಪಾಲಿಕೆಯ ಸರಹದ್ದು ಮುಗಿಯುತ್ತಿದ್ದುದು ಅಲ್ಲಿಯೇ. ಗಡಿ ಉತ್ತರಕ್ಕೆ ಸರಿದು ಏಳು ದಶಕ ಕಳೆದರೂ ಆಟೊ ಇನ್ನೂ ಅದನ್ನು ಪಾಲಿಸುತ್ತಿದೆ.

ಕಡಲ ತೀರದ ಮಹಾನಗರವನ್ನು ನಾವು ಅದರ ಕಟ್ಟಡಗಳಿಂದ, ಲೋಕಲ್ ರೈಲಿನಿಂದ, ಮಳೆಯಿಂದ ನೆನಪಿಟ್ಟುಕೊಳ್ಳುತ್ತೇವೆ. ಆದರೆ ಅಲ್ಲಿ ದಿನ ದೂಡುವವರ ನೀರು, ಕಸ, ರಸ್ತೆ, ಮಕ್ಕಳ ಶಾಲೆ ಎಲ್ಲವನ್ನೂ ನಿರ್ಧರಿಸುವುದು ನಕಾಶೆಯ ಮೇಲಿನ ಗೆರೆಗಳು. ಮುಂಬಯಿಯಲ್ಲಿ ಈ ಗೆರೆಗಳು ಎಷ್ಟಿವೆ, ಯಾರು ಎಳೆದರು, ಅವುಗಳ ಆಚೆ ಏನಾಗುತ್ತದೆ ಎಂಬುದನ್ನು ನೋಡಿದರೆ ಒಂದು ಕಹಿ ಸಂಗತಿ ತಿಳಿಯುತ್ತದೆ. ಇಲ್ಲಿ ಮನುಷ್ಯ ಬದುಕುವ ಊರು ತುಂಬ ದೊಡ್ಡದು. ಅವನ ಅಹವಾಲು ಕೇಳುವ ಊರು ಚಿಕ್ಕದು.

ಏಳು ದ್ವೀಪಗಳ ಕಥೆ ಎಲ್ಲರಿಗೂ ಗೊತ್ತು. ಪೋರ್ಚುಗೀಸರು ರಾಜಕುಮಾರಿಯ ಬಳುವಳಿಯಾಗಿ ಇಂಗ್ಲೆಂಡಿಗೆ ಕೊಟ್ಟದ್ದು, 1668ರಲ್ಲಿ ಅವು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ್ದು, ನಡುವಿನ ನೀರನ್ನು ಮಣ್ಣು ಹಾಕಿ ಮುಚ್ಚಿ ಒಂದೇ ನೆಲ ಮಾಡಿದ್ದು. ಆ ನೆಲದ ಉತ್ತರಕ್ಕೆ ಖಾಡಿ, ಖಾಡಿಯ ಆಚೆ ಸಾಷ್ಟಿ ಎಂಬ ದೊಡ್ಡ ದ್ವೀಪ. 1845ರಲ್ಲಿ ಮಾಹಿಮ್ ಕಾಸ್‌ವೇ ಕಟ್ಟಿ ಎರಡನ್ನೂ ಕೂಡಿಸಿದರು. ಆದರೆ ಆಡಳಿತ ಕೂಡಿಕೊಳ್ಳಲು ಮತ್ತೂ ನೂರು ವರ್ಷ ಹಿಡಿಯಿತು. 1950ರಲ್ಲಿ ಜೋಗೇಶ್ವರಿ ಮತ್ತು ಭಾಂಡುಪ್‌ವರೆಗಿನ ಉಪನಗರಗಳು ಪಾಲಿಕೆಯೊಳಗೆ ಬಂದವು. 1957ರಲ್ಲಿ ಸರಹದ್ದು ದಹಿಸರ್ ಮತ್ತು ಮುಲುಂಡ್‌ಗೆ ಹೋಗಿ ನಿಂತಿತು. ಅಲ್ಲಿಗೆ ಸರಿ. ಆಮೇಲೆ ಊರು ಹತ್ತು ದಿಕ್ಕಿಗೆ ಬೆಳೆಯಿತು, ಗೆರೆ ಮಾತ್ರ ಕದಲಲಿಲ್ಲ.

ಒಳಗಿನ ಗೆರೆಗಳಿಗೆ ಇಂಗ್ಲಿಷ್ ಅಕ್ಷರಗಳೇ ಹೆಸರು. ದಕ್ಷಿಣದ ಕೊಲಾಬಾ–ಫೋರ್ಟ್ ಭಾಗ ಎ ವಾರ್ಡು. ಡೋಂಗ್ರಿ ಬಿ, ಕಾಲಬಾದೇವಿ ಸಿ, ಮಲಬಾರ್ ಹಿಲ್ ಡಿ, ಭಾಯಖಳಾ ಇ. ಹೀಗೆ ಉತ್ತರಕ್ಕೆ ಏರುತ್ತ ಹೋದರೆ ಮುಲುಂಡ್‌ನಲ್ಲಿ ಟಿ ಬರುತ್ತದೆ. ಒಂದೇ ಅಕ್ಷರದ ಕೆಳಗೆ ಹಲವು ವಾರ್ಡುಗಳಿರುವಲ್ಲಿ ದಿಕ್ಕುಗಳನ್ನು ಜೋಡಿಸಿದ್ದಾರೆ: ಎಫ್ ದಕ್ಷಿಣ, ಎಫ್ ಉತ್ತರ, ಕೆ ಪೂರ್ವ, ಕೆ ಪಶ್ಚಿಮ, ಆರ್ ಮಧ್ಯ. ಐ, ಜೆ, ಒ, ಕ್ಯೂ ಇಲ್ಲ. ಬಹುಕಾಲ ಒಟ್ಟು 24 ಇದ್ದವು. ಈಚೆಗೆ ತೀರಾ ದೊಡ್ಡವನ್ನು ಒಡೆಯುವ ಕೆಲಸ ಶುರುವಾಗಿದೆ. ಮುಂಬಯಿಗರು ಈ ಅಕ್ಷರಗಳನ್ನು ಮನೆಯ ಹೆಸರಿನ ಹಾಗೆ ಬಳಸುತ್ತಾರೆ. ‘ಕೆ ಈಸ್ಟಿಗೆ ಹೋಗಿ ಬಾ’ ಎಂದರೆ ಅಂಧೇರಿ ಪೂರ್ವದ ವಾರ್ಡು ಆಫೀಸಿಗೆ ಹೋಗಿ ಬಾ ಎಂದರ್ಥ.

ನಮ್ಮವರ ಮುಂಬಯಿಯನ್ನೂ ಈ ಅಕ್ಷರಗಳಲ್ಲಿ ಓದಬಹುದು. ಮಾಟುಂಗಾ ಪೂರ್ವದ ಮೈಸೂರು ಅಸೋಸಿಯೇಶನ್ ಇರುವುದು ಎಫ್ ಉತ್ತರದಲ್ಲಿ. ಸ್ಟೇಷನ್ನಿಗೆ ಅಂಟಿಕೊಂಡಂತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಕೂಡ ಅಲ್ಲಿಯೇ, 1942ರಿಂದ. ಹಳಿ ದಾಟಿ ಪಶ್ಚಿಮಕ್ಕೆ ಬಂದರೆ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ. ಅದು ಜಿ ಉತ್ತರ. ಧಾರಾವಿಯೂ ಅದೇ ವಾರ್ಡಿನದು. ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇರುವ ಕಲೀನಾ ಎಚ್ ಪೂರ್ವ. ಕಾದಂಬರಿಕಾರ ಯಶವಂತ ಚಿತ್ತಾಲರು ಕಡಲನ್ನು ನೋಡುತ್ತ ಬದುಕಿದ ಬಾಂದ್ರಾ ಎಚ್ ಪಶ್ಚಿಮ. ಬಂಟರ ಭವನ ಇರುವ ಕುರ್ಲಾ ಎಲ್. ಉತ್ತರ ಕನ್ನಡ, ಧಾರವಾಡ, ಬೆಳಗಾವಿ, ಬಿಜಾಪುರದ ಹಿರಿಯರಿಗಂತೂ 1956ರವರೆಗೆ ಬೊಂಬಾಯಿ ಪರರಾಜ್ಯದ ನಗರವಾಗಿರಲೇ ಇಲ್ಲ, ತಮ್ಮದೇ ರಾಜಧಾನಿಯಾಗಿತ್ತು. ಇಂದಿಗೂ ಈ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ. ಅವುಗಳಲ್ಲಿ ಕನ್ನಡವೂ ಒಂದು. ಬೇರೊಂದು ರಾಜ್ಯದ ರಾಜಧಾನಿಯ ಪಾಲಿಕೆ ತನ್ನ ತೆರಿಗೆಯ ಹಣದಲ್ಲಿ ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳಿಸುತ್ತದೆ. ಇದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಆ ಶಾಲೆಗಳು ಸೊರಗುತ್ತಿರುವುದನ್ನು ಸಂಕಟದಿಂದ ನೋಡಲೂಬೇಕು.

ವಾರ್ಡು ಆಫೀಸು ಎಂದರೆ ಜನರಿಗೆ ಸರ್ಕಾರವೇ. ನೀರಿನ ನಲ್ಲಿ, ಕಸದ ಗಾಡಿ, ರಸ್ತೆಯ ಗುಂಡಿ, ಜನನ–ಮರಣದ ದಾಖಲೆ, ಹೋಟೆಲಿನ ಆರೋಗ್ಯ ಪರವಾನಗಿ, ಅಂಗಡಿಯ ‘ಗುಮಾಸ್ತಾ’ ಲೈಸೆನ್ಸ್ ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಉಡುಪಿ, ಕುಂದಾಪುರದಿಂದ ಬಂದು ಹೋಟೆಲು ತೆರೆದವರಿಗೆ ತಮ್ಮ ವಾರ್ಡಿನ ಮೆಟ್ಟಿಲುಗಳ ಲೆಕ್ಕ ಬಾಯಿಪಾಠವಾಗಿರುತ್ತದೆ. ಕಚೇರಿಯ ಮುಖ್ಯಸ್ಥರು ಒಬ್ಬ ಸಹಾಯಕ ಆಯುಕ್ತರು. ತೊಡಕು ಇರುವುದು ಇಲ್ಲಿಯೇ. 2011ರ ಜನಗಣತಿಯ ಪ್ರಕಾರ ಬಿ ವಾರ್ಡಿನಲ್ಲಿ ಇದ್ದವರು ಸುಮಾರು 1.27 ಲಕ್ಷ; ಮಾಲಾಡ್‌ನ ಪಿ ಉತ್ತರದಲ್ಲಿ ಸುಮಾರು 9.4 ಲಕ್ಷ. ಏಳು ಪಟ್ಟಿಗೂ ಮಿಕ್ಕಿದ ಅಂತರ. ಒಂದು ವಾರ್ಡು ಪೇಟೆಯ ಕೆಲವು ಬೀದಿಗಳಷ್ಟಾದರೆ ಇನ್ನೊಂದು ಸ್ವತಃ ಒಂದು ದೊಡ್ಡ ನಗರವಾಗಿತ್ತು. ಎರಡಕ್ಕೂ ಅದೇ ದರ್ಜೆಯ ಒಬ್ಬ ಅಧಿಕಾರಿಯೇ ಇದ್ದರು.

ಗೋವಂಡಿ, ಮಾನಖುರ್ದ್, ದೇವನಾರ್ ಸೇರಿದ ಎಂ ಪೂರ್ವ ವಾರ್ಡನ್ನು ನೋಡಿ. 1927ರಿಂದ ಬೊಂಬಾಯಿಯ ಕಸ ದೇವನಾರ್‌ನಲ್ಲಿ ಗುಡ್ಡವಾಗುತ್ತ ಬಂತು. ಊರಿನ ಬೇರೆ ಕಡೆ ಮನೆ ಕಳೆದುಕೊಂಡವರನ್ನು ತಂದು ಇಳಿಸಿದ್ದೂ ಇಲ್ಲಿಗೇ. 2009ರ ಮುಂಬಯಿ ಮಾನವ ಅಭಿವೃದ್ಧಿ ವರದಿಯಲ್ಲಿ ಈ ವಾರ್ಡು ಕಟ್ಟಕಡೆಯ ಸ್ಥಾನದಲ್ಲಿತ್ತು. ಡಿ ವಾರ್ಡಿನ ಸಮುದ್ರ ಕಾಣುವ ಮನೆಯ ಕಸ ಎಂ ಪೂರ್ವದ ಮಗುವಿನ ಉಸಿರಿಗೆ ಬರುವುದಕ್ಕೆ ಯಾವ ಗೆರೆಯೂ ಅಡ್ಡ ಬರಲಿಲ್ಲ.

ಈ ಅಕ್ಷರದ ವಾರ್ಡುಗಳು ಆಡಳಿತಕ್ಕಷ್ಟೇ. ಚುನಾವಣೆಗೆ ಬೇರೆಯೇ ನಕಾಶೆ ಇದೆ: 227 ಕ್ಷೇತ್ರ, ಪ್ರತಿಯೊಂದಕ್ಕೂ ಒಬ್ಬ ನಗರಸೇವಕ. ಕಂದಾಯ ಇಲಾಖೆಗೆ ಮತ್ತೊಂದು ನಕಾಶೆ; ಅದರಲ್ಲಿ ಮುಂಬಯಿ ಒಂದು ಜಿಲ್ಲೆಯಲ್ಲ, ಎರಡು. 1990ರಲ್ಲಿ ಉಪನಗರವನ್ನು ಬೇರ್ಪಡಿಸಿ ಅಂಧೇರಿ, ಬೋರಿವಲಿ, ಕುರ್ಲಾ ಎಂಬ ಮೂರು ತಾಲ್ಲೂಕುಗಳ ಜಿಲ್ಲೆ ಮಾಡಿದರು. ಎರಡು ಜಿಲ್ಲೆಗಳ ನಡುವಿನ ಗೆರೆ ಯಾವುದು ಗೊತ್ತೇ? ಆಟೊ ನಿಲ್ಲುವ ಅದೇ ಹಳೆಯ ಗಡಿ. 2001ರಿಂದ 2011ರ ನಡುವೆ ದಕ್ಷಿಣದ ಮುಂಬಯಿ ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 33 ಲಕ್ಷದಿಂದ 31 ಲಕ್ಷಕ್ಕೆ ಇಳಿಯಿತು. ಗಿರಣಿಗಳು ಮುಚ್ಚಿದವು, ಕೂಲಿಕಾರರ ವಠಾರಗಳಾದ ಚಾಳ್‌ಗಳು ಗೋಪುರಗಳಾದವು, ಸಂಸಾರಗಳು ಉತ್ತರದ ರೈಲು ಹತ್ತಿದವು.

ಇಷ್ಟರ ಮೇಲೂ ಪ್ರತಿ ಅಂಗುಲ ಪಾಲಿಕೆಯದಲ್ಲ. ಬಂದರಿನ ನೆಲ ಬಂದರು ಪ್ರಾಧಿಕಾರದ್ದು, ಹಳಿಯ ಪಕ್ಕದ್ದು ರೈಲ್ವೆಯದು. ಕೊಳೆಗೇರಿ ಪುನರ್ವಸತಿಗೆ ಬೇರೆ ಪ್ರಾಧಿಕಾರ, ಬಾಂದ್ರಾ–ಕುರ್ಲಾ ಸಂಕೀರ್ಣದ ಯೋಜನೆಗೆ ಬೇರೆ. ಗುಂಡಿ ಬಿದ್ದ ರಸ್ತೆ ಯಾರದೆಂದು ತಿಳಿಯುವುದರೊಳಗೆ ಮಳೆಗಾಲ ಮುಗಿದಿರುತ್ತದೆ.

ಹಾಗಾದರೆ ಪಾಲಿಕೆಯ ಒಳಗೆ ಯಜಮಾನರು ಯಾರು? ಇದಕ್ಕೆ ಉತ್ತರ 19ನೆಯ ಶತಮಾನದಲ್ಲಿದೆ. 1865ರಲ್ಲಿ ಆರ್ಥರ್ ಕ್ರಾಫರ್ಡ್ ಮೊದಲ ಆಯುಕ್ತರಾದರು. ಮಾರುಕಟ್ಟೆ ಕಟ್ಟಿಸಿದರು, ರಸ್ತೆ ಅಗಲ ಮಾಡಿದರು, ಹಣವನ್ನು ನೀರಿನಂತೆ ಹರಿಸಿದರು. ತೆರಿಗೆ ಕಟ್ಟುವವರು ಎದ್ದು ನಿಂತರು. ಆ ಜಗಳದ ಫಲವಾಗಿ 1872ರ ಕಾಯ್ದೆ ಬಂದು, 64 ಸದಸ್ಯರ ಸಭೆಯಲ್ಲಿ ಅರ್ಧದಷ್ಟು ಜನರನ್ನು ತೆರಿಗೆದಾರರೇ ಆರಿಸುವಂತಾಯಿತು. ಬಳಿಕ 1888ರ ಕಾಯ್ದೆ. ಅದರ ಹಿಂದಿನ ಬುದ್ಧಿ ಫಿರೋಜ್‌ಶಾ ಮೆಹತಾ ಅವರದು. ಪಾಲಿಕೆಯ ಕೇಂದ್ರ ಕಚೇರಿಯ ಮುಂದೆ ಅವರ ಪ್ರತಿಮೆ ನಿಂತಿದೆ. ತಿದ್ದುಪಡಿಗಳ ಮೇಲೆ ತಿದ್ದುಪಡಿ ಬಂದಿದ್ದರೂ ಇಂದಿಗೂ ಮುಂಬಯಿಯನ್ನು ಆಳುವುದು ಆ 1888ರ ಕಾಯ್ದೆಯೇ. ಅದರ ಪ್ರಕಾರ ಕಾರ್ಯಾಂಗದ ಅಧಿಕಾರ ಆಯುಕ್ತರದು, ಆಯುಕ್ತರನ್ನು ಕಳಿಸುವುದು ರಾಜ್ಯ ಸರ್ಕಾರ. ಮೇಯರ್ ಸಭೆ ನಡೆಸುತ್ತಾರೆ, ಅತಿಥಿಗಳನ್ನು ಬರಮಾಡಿಕೊಳ್ಳುತ್ತಾರೆ. 1998ರಲ್ಲಿ ಮೇಯರ್ ಕೈಗೆ ನಿಜವಾದ ಅಧಿಕಾರ ಕೊಡುವ ಪ್ರಯೋಗವೊಂದು ನಡೆಯಿತು. ಮರುವರ್ಷವೇ ಅದನ್ನು ಕೈಬಿಟ್ಟರು.

ಹಾಗೆಂದು ಸಭೆ ನಿಷ್ಪ್ರಯೋಜಕವೆಂದು ನಾನು ಹೇಳಲಾರೆ. 1948ರಲ್ಲಿ ವಯಸ್ಕರೆಲ್ಲರಿಗೂ ಮತ ಬಂದ ಮೇಲೆ ಆ ಸಭೆಯ ಬಾಗಿಲು ಕೂಲಿಕಾರರಿಗೂ ತೆರೆಯಿತು. ಮಂಗಳೂರಿನಿಂದ ಬರಿಗೈಯಲ್ಲಿ ಬಂದು, ಚೌಪಾಟಿಯಲ್ಲಿ ಮಲಗಿ ದಿನ ಕಳೆದ ಜಾರ್ಜ್ ಫರ್ನಾಂಡಿಸ್, ಟ್ಯಾಕ್ಸಿ ಚಾಲಕರನ್ನೂ ಪಾಲಿಕೆಯ ಕಾರ್ಮಿಕರನ್ನೂ ಸಂಘಟಿಸಿ 1961ರಲ್ಲಿ ಅಲ್ಲಿ ಸದಸ್ಯರಾಗಿ ಕುಳಿತರು. 1967ರಲ್ಲಿ ಅವರು ಲೋಕಸಭಾ ಚುನಾವಣೆಯಲ್ಲಿ ಸೋಲಿಸಿದ್ದು ಎಸ್.ಕೆ. ಪಾಟೀಲರನ್ನು, ಅಂದರೆ ಮೂರು ಸಲ ಇದೇ ನಗರದ ಮೇಯರ್ ಆಗಿದ್ದವರನ್ನು. ನಲ್ಲಿ ಮತ್ತು ಗಟಾರದ ಪ್ರಶ್ನೆ ಕೇಳುತ್ತ ಬೆಳೆದ ನಾಯಕರು ಫರ್ನಾಂಡಿಸ್. ಇಂಥ ಸಭೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದಾಗ, ಚುನಾವಣೆ ನಡೆಸದೆ ಮೂರು ವರ್ಷಕ್ಕೂ ಹೆಚ್ಚು ಕಾಲ ಆಯುಕ್ತರನ್ನೇ ಆಡಳಿತಾಧಿಕಾರಿ ಮಾಡಿ ದೂಡಿದರು. 2025–26ರಲ್ಲಿ ಈ ಪಾಲಿಕೆಯ ಬಜೆಟ್ 74,427 ಕೋಟಿ ರೂಪಾಯಿ. ಹಿಮಾಚಲ ಪ್ರದೇಶದ ಬಜೆಟ್ಟಿಗಿಂತ ದೊಡ್ಡದು. ಅಷ್ಟು ಹಣ ಖರ್ಚಾಗುವಾಗ ಎದ್ದುನಿಂತು ‘ಯಾಕೆ?’ ಎಂದು ಕೇಳಲು ಚುನಾಯಿತರು ಒಬ್ಬರೂ ಇರಲಿಲ್ಲ. ಇದನ್ನು ಒಂದು ತಾಂತ್ರಿಕ ವಿಳಂಬವೆಂದು ಒಪ್ಪಿಕೊಳ್ಳಲು ನನಗೆ ಮನಸ್ಸಾಗುವುದಿಲ್ಲ.

ಈಗ ಮುಲುಂಡ್ ಚೆಕ್‌ನಾಕಾಕ್ಕೆ ಬನ್ನಿ. 2017ರ ಜುಲೈನಲ್ಲಿ ಜಿಎಸ್‌ಟಿ ಬರುವವರೆಗೂ ಇಲ್ಲಿ ಲಾರಿಗಳು ಸಾಲುಗಟ್ಟಿ ಜಕಾತಿ ಕಟ್ಟುತ್ತಿದ್ದವು. ಈಗ ಸಾಲು ಇಲ್ಲ, ಗಡಿ ಇದೆ. ಈಚೆ ಬದಿ ಟಿ ವಾರ್ಡು, ಆಚೆ ಬದಿ ಠಾಣೆ ಮಹಾನಗರಪಾಲಿಕೆ. ಕಟ್ಟಡಗಳು ಒಂದಕ್ಕೊಂದು ಆತುಕೊಂಡಿವೆ. ನೀರಿನ ದರ, ಆಸ್ತಿ ತೆರಿಗೆ, ದೂರು ಕೊಡುವ ಬಾಗಿಲು ಬೇರೆ ಬೇರೆ. ಭೂಗೋಳದಲ್ಲಂತೂ ಇದು ಗಡಿಯೇ ಅಲ್ಲ. ಸಾಷ್ಟಿ ದ್ವೀಪ ಒಂದೇ. ಅದನ್ನು ಮುಂಬಯಿ, ಠಾಣೆ, ಮೀರಾ–ಭಾಯಂದರ್ ಎಂಬ ಮೂರು ಪಾಲಿಕೆಗಳು ಹಂಚಿಕೊಂಡಿವೆ. ದ್ವೀಪದ ನಡುವೆ ನೂರು ಚದರ ಕಿಲೋಮೀಟರಿಗೂ ಹೆಚ್ಚು ಹರಡಿದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಅಲ್ಲಿನ ಚಿರತೆ ಮುಲುಂಡ್‌ನಲ್ಲೂ ಕಾಣಿಸಿಕೊಳ್ಳುತ್ತದೆ, ಠಾಣೆಯಲ್ಲೂ.

ದ್ವೀಪದಾಚೆಗೆ ಮತ್ತೆ ಪಾಲಿಕೆಗಳು: ವಸಯಿ–ವಿರಾರ್, ಭಿವಂಡಿ–ನಿಜಾಂಪುರ, ಕಲ್ಯಾಣ–ಡೊಂಬಿವಲಿ, ಉಲ್ಹಾಸನಗರ, ನವಿ ಮುಂಬಯಿ, 2016ರಲ್ಲಿ ಹುಟ್ಟಿದ ಪನವೇಲ್. ಮುಂಬಯಿಯೂ ಸೇರಿ ಒಂಬತ್ತು. ಅಂಬರನಾಥ, ಬದ್ಲಾಪುರ, ಪೆಣ್, ಉರಣ್, ಅಲಿಬಾಗ್‌ನಂಥ ನಗರಸಭೆಗಳು ಬೇರೆ, ಹಳ್ಳಿಗಳು ಬೇರೆ. ಇವೆಲ್ಲ ಕೂಡಿ ಮುಂಬಯಿ ಮಹಾನಗರ ಪ್ರದೇಶ. 2019ರ ವಿಸ್ತರಣೆಯ ಬಳಿಕ ಆರು ಸಾವಿರ ಚದರ ಕಿಲೋಮೀಟರು ದಾಟಿದ ನೆಲ. ಜನ 2011ರಲ್ಲೇ ಎರಡು ಕೋಟಿಗೂ ಮಿಕ್ಕಿ. ನವಿ ಮುಂಬಯಿ ಮಾತ್ರ ಯೋಜನೆ ಹಾಕಿ ಕಟ್ಟಿದ ಊರು. ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯ, ಪ್ರವೀಣಾ ಮೆಹತಾ ಮತ್ತು ಎಂಜಿನಿಯರ್ ಶಿರೀಷ್ ಪಟೇಲ್ 1960ರ ದಶಕದಲ್ಲಿ ಕಂಡ ಕನಸು. ಉಳಿದವುಗಳಲ್ಲಿ ಹೆಚ್ಚಿನವು ರೈಲು ನಿಂತಲ್ಲೆಲ್ಲ ತಾವಾಗಿ ಬೆಳೆದವು.

ಡೊಂಬಿವಲಿಯ ಬಳಿಯ 27 ಹಳ್ಳಿಗಳ ಕಥೆ ಕೇಳಬೇಕು. 1983ರಲ್ಲಿ ಕಲ್ಯಾಣ ಪಾಲಿಕೆ ಆದಾಗ ಅವನ್ನು ಒಳಗೆ ಸೇರಿಸಿದರು. ಸೌಕರ್ಯ ಬರಲಿಲ್ಲ, ತೆರಿಗೆ ಬಂತು ಎಂದು ಹಳ್ಳಿಯವರು ಚಳವಳಿ ಹೂಡಿದರು. 2002ರಲ್ಲಿ ಹೊರಗೆ ಹಾಕಿದರು. 2015ರಲ್ಲಿ ಮತ್ತೆ ಒಳಗೆ. 2020ರಲ್ಲಿ 18 ಹಳ್ಳಿಗಳನ್ನು ಮತ್ತೆ ಹೊರಗಿಡಲು ಹೊರಟು ಪ್ರಕರಣ ಹೈಕೋರ್ಟಿಗೆ ಹೋಯಿತು. ಆ ಹಳ್ಳಿಗಳಲ್ಲಿ 1983ರಲ್ಲಿ ಹುಟ್ಟಿದವರು ನಲವತ್ತು ತುಂಬುವುದರೊಳಗೆ, ಮನೆ ಬದಲಿಸದೆಯೇ, ಪಾಲಿಕೆಯವರಾಗಿ, ಹಳ್ಳಿಯವರಾಗಿ, ಮತ್ತೆ ಪಾಲಿಕೆಯವರಾದರು. ಈ ನಡುವೆ ಗದ್ದೆಗಳೆಲ್ಲ ಕಟ್ಟಡಗಳಾದವು. ಹೊಣೆ ಯಾರದೆಂಬುದು ತೀರ್ಮಾನವಾಗದ ನೆಲದಲ್ಲಿ ಗಟಾರ ಯಾರು ತೋಡುತ್ತಾರೆ?

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ಹೊತ್ತಿಗೆ ಕೊಲಾಬಾದಲ್ಲಿ ದಾಖಲಾದದ್ದು ಎಪ್ಪತ್ತು ಚಿಲ್ಲರೆ ಮಿಲಿಮೀಟರ್. ಎ ವಾರ್ಡಿನಲ್ಲಿ ಕುಳಿತವರಿಗೆ ಉಪನಗರ ಮುಳುಗುತ್ತಿದೆ ಎಂದು ನಂಬುವುದೇ ಕಷ್ಟವಾಗಿತ್ತು. ಅಂದು ಉಕ್ಕಿದ್ದು ಮೀಠಿ. ವಿಹಾರ್, ಪವಾಯಿ ಕೆರೆಗಳ ಕೋಡಿಯ ನೀರಿನಿಂದ ಹುಟ್ಟಿ, ಸಾಕಿನಾಕಾ, ಕುರ್ಲಾ, ಧಾರಾವಿಯ ಬದಿ ಹಾದು ಮಾಹಿಮ್ ಖಾಡಿ ಸೇರುವ, ಹದಿನೆಂಟು ಕಿಲೋಮೀಟರಿಗೂ ತುಸು ಕಡಿಮೆ ಉದ್ದದ ಹೊಳೆ. ಕಾರ್ಖಾನೆಗಳು ಅದಕ್ಕೆ ಎಣ್ಣೆ ಬಿಟ್ಟವು, ಗುಡಿಸಲುಗಳು ದಡ ತಬ್ಬಿದವು, ವಿಮಾನನಿಲ್ದಾಣ ಅದರ ದಾರಿ ತಿರುಗಿಸಿತು, ಬಾಂದ್ರಾ–ಕುರ್ಲಾ ಸಂಕೀರ್ಣ ಅದರ ಬಾಯಿಯ ಬಳಿಯ ಜೌಗು ನೆಲವನ್ನು ನುಂಗಿತು. ಹಲವು ವಾರ್ಡುಗಳ ಹಿತ್ತಿಲಲ್ಲಿ ಹರಿದರೂ ಯಾವ ವಾರ್ಡಿಗೂ ಅದು ತನ್ನ ಹೊಳೆಯಾಗಿರಲಿಲ್ಲ. ಪ್ರಳಯದ ನಂತರ ಮೀಠಿಗೆ ಒಂದು ಪ್ರಾಧಿಕಾರ ಮಾಡಿದರು; ಆದರೆ ಕೆಲಸವನ್ನು ಮತ್ತೆ ಹಂಚಿದರು. ಮೇಲಿನ ಸುಮಾರು ಹನ್ನೆರಡು ಕಿಲೋಮೀಟರು ಪಾಲಿಕೆಗೆ, ಕೆಳಗಿನ ಆರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಾದ ಎಂಎಂಆರ್‌ಡಿಎಗೆ.

ಕಡಲಿಗಂತೂ ಅಕ್ಷರವೇ ಇಲ್ಲ. ಪಾಲಿಕೆ ತೀರರಸ್ತೆ ಕಟ್ಟುವಾಗ ವರ್ಲಿ ಕೋಳಿವಾಡಾದ ಮೀನುಗಾರರು ತಕರಾರು ಎತ್ತಿದರು: ಸೇತುವೆಯ ಎರಡು ಕಂಬಗಳ ನಡುವೆ 60 ಮೀಟರ್ ಬಿಟ್ಟರೆ ಅಲೆಯ ಹೊಡೆತಕ್ಕೆ ನಮ್ಮ ದೋಣಿ ಕಂಬಕ್ಕೆ ಬಡಿಯುತ್ತದೆ. ತಲೆತಲಾಂತರದಿಂದ ಆ ನೀರಿನಲ್ಲಿ ದಾರಿ ಕಂಡುಕೊಂಡವರ ಮಾತು ನಕಾಶೆಯವರ ಕಿವಿಗೆ ಬೀಳಲು ವರ್ಷಗಳ ಹೋರಾಟ ಬೇಕಾಯಿತು. ಕೊನೆಗೆ ಅಂತರವನ್ನು 120 ಮೀಟರಿಗೆ ಏರಿಸಿದರು. ಈ ಇಡೀ ಕಥೆಯಲ್ಲಿ ನನಗೆ ಧೈರ್ಯ ಕೊಡುವ ಪುಟ ಇದು.

ಇಷ್ಟು ದೊಡ್ಡ ಪ್ರದೇಶವನ್ನು ಒಟ್ಟಾಗಿ ನೋಡಬೇಕಾದದ್ದು 1975ರಲ್ಲಿ ಶುರುವಾದ ಎಂಎಂಆರ್‌ಡಿಎ. ಹಲವು ಮೆಟ್ರೊ ಮಾರ್ಗಗಳು, 2024ರಲ್ಲಿ ತೆರೆದ ಅಟಲ್ ಸೇತು ಅದರ ಕೆಲಸ. ಕಟ್ಟುವುದರಲ್ಲಿ ಅದು ಗಟ್ಟಿ. ಆದರೆ ಅದನ್ನು ನಡೆಸುವುದು ರಾಜ್ಯ ಸರ್ಕಾರ. ಮತ ಹಾಕಿ ಅದನ್ನು ಬದಲಿಸುವ ದಾರಿ ನಗರದವರಿಗಿಲ್ಲ. ಸಂವಿಧಾನದ 74ನೆಯ ತಿದ್ದುಪಡಿ ಇಂಥ ಪ್ರದೇಶಗಳಿಗೆಂದೇ ಮಹಾನಗರ ಯೋಜನಾ ಸಮಿತಿ ಬೇಕೆಂದಿತು. ಅದರ ಮೂರನೇ ಎರಡರಷ್ಟು ಸದಸ್ಯರಾದರೂ ಪಾಲಿಕೆಗಳ ಸದಸ್ಯರು, ಪಂಚಾಯಿತಿಗಳ ಅಧ್ಯಕ್ಷರೊಳಗಿಂದ ಚುನಾಯಿತರಾಗಿರಬೇಕು. ಮಹಾರಾಷ್ಟ್ರ 1999ರಲ್ಲಿ ಕಾಯ್ದೆಯನ್ನೂ ಮಾಡಿತು. ಆದರೆ ವಿರಾರ್‌ನ ಹೆಂಗಸಿನಿಂದ ಪನವೇಲ್‌ನ ರೈತನವರೆಗೆ ಎಲ್ಲರ ಪರವಾಗಿ ಚರ್ಚೆ ನಡೆಯುವ ಜೀವಂತ ಸಭೆಯಾಗಿ ಆ ಸಮಿತಿ ಬೆಳೆಯಲೇ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಬೆಂಗಳೂರಿನ ಒಂದಿದ್ದ ಪಾಲಿಕೆಯನ್ನು ಐದು ಮಾಡಿ, ಮೇಲೆ ಮುಖ್ಯಮಂತ್ರಿಯ ಅಧ್ಯಕ್ಷತೆಯ ಪ್ರಾಧಿಕಾರವನ್ನು ಕೂರಿಸಿತು. ನಮ್ಮವರು ಮುಂಬಯಿಯನ್ನು ಗಮನವಿಟ್ಟು ನೋಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಪಾಲಿಕೆಗಳು ಹಲವಾದಾಗ ಅವುಗಳ ನಡುವಿನ ಹೊಳೆಗೆ, ಕಸಕ್ಕೆ, ನೀರಿಗೆ ಯಾರು ಉತ್ತರ ಕೊಡುತ್ತಾರೆ ಎಂಬ ಪ್ರಶ್ನೆಯಲ್ಲಿ ಅಲ್ಲಿ ಅರ್ಧ ಶತಮಾನದ ಅನುಭವವಿದೆ.

ನೀರಿನ ಮಾತು ಹೇಳದೆ ಮುಗಿಸಲಾರೆ. ಮುಂಬಯಿಗೆ ನೀರು ಕೊಡುವ ಕೆರೆ–ಜಲಾಶಯಗಳು ಏಳು. ಪಾಲಿಕೆಯ ಸರಹದ್ದಿನಲ್ಲಿರುವುದು 1860ರ ವಿಹಾರ್ ಮತ್ತು 1879ರ ತುಳಸಿ, ಎರಡೇ. ಅವು ಕೊಡುವುದು ಒಂದು ತೊಟ್ಟು. ಉಳಿದದ್ದು ತಾನಸಾ, ಮೋಡಕ್ ಸಾಗರ್, ಭಾತಸಾ, ಮಧ್ಯ ವೈತರಣಾ, ಮೇಲಿನ ವೈತರಣಾಗಳಿಂದ, ಠಾಣೆ, ಪಾಲಘರ್, ನಾಸಿಕ್ ಜಿಲ್ಲೆಗಳಿಂದ ಬರುತ್ತದೆ. ಭಾತಸಾ ಒಂದೇ ಊರಿನ ಅರ್ಧ ಬಾಯಾರಿಕೆ ನೀಗುತ್ತದೆ. ಅದು ಇರುವುದು ಶಹಾಪುರ ತಾಲ್ಲೂಕಿನಲ್ಲಿ, ಆದಿವಾಸಿಗಳ ಸೀಮೆ. ಜಲಾಶಯಕ್ಕೆ ನೆಲ ಕೊಟ್ಟವರಿಗೆ ಮುಂಬಯಿಯ 227 ನಗರಸೇವಕರಲ್ಲಿ ಒಬ್ಬರನ್ನೂ ಆರಿಸುವ ಹಕ್ಕಿಲ್ಲ. ಏಪ್ರಿಲ್ ಬಂದರೆ ಅದೇ ತಾಲ್ಲೂಕಿನ ಪಾಡಾ ಎಂಬ ಹಾಡಿಗಳಲ್ಲಿ ಹೆಂಗಸರು ಕೊಡ ಸಾಲಿಟ್ಟು ಟ್ಯಾಂಕರಿಗೆ ಕಾಯುತ್ತಾರೆ. ಆಳೆತ್ತರದ ಕೊಳವೆಗಳು ಅವರ ಸೀಮೆಯಿಂದ ಹೊರಟು, ಭಿವಂಡಿ, ಠಾಣೆಗಳನ್ನು ಹಾದು, ಮುಲುಂಡ್‌ನ ಗಡಿ ದಾಟಿ ಟಿ ವಾರ್ಡು ಸೇರುತ್ತವೆ.